ಹಳೇ ರೂಟರ್‌ಗೆ ಓಪನ್‌ವರ್ಟ್ ಹಾಕಿದ್ದು: ಗುಡುಗು, ಸೀರಿಯಲ್ ವೈರು, ಗಿರಣಿ ಸಾಲು

ಮಳೆಗಾಲ ಶುರುವಾಗೋ ಮುಂಚೆ ಹಳೇ ರೂಟರ್‌ಗೆ ಓಪನ್‌ವರ್ಟ್, ಅಂದ್ರೆ ರೂಟರ್ ಒಳಗೆ ಓಡೋ ಒಂದು ಆಪರೇಟಿಂಗ್ ಸಿಸ್ಟಂ, ಹಾಕೋ ಕೆಲಸ ಮುಗಿಸ್ಬೇಕು ಅಂತ ಏಪ್ರಿಲ್‌ನಲ್ಲೇ ಅಂದ್ಕೊಂಡಿದ್ದೆ, ಆದ್ರೆ ಕೈ ಹಾಕಿದ್ದು ಮೇ ಕೊನೇ ವಾರದಲ್ಲಿ. ತೀರ್ಥಹಳ್ಳಿ ಕಡೆ ಆಗ ಮಧ್ಯಾಹ್ನ ಮೂರು ಗಂಟೆ ಆದ್ರೆ ಸಾಕು, ಗುಡ್ಡದಾಚೆಯಿಂದ ಗುಡುಗು ಶುರು. ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ನಮ್ಮನೇಲಿ ಲೋಕಲ್ ಕೇಬಲ್‌ನವ್ರು ಎಳೆದ ಫೈಬರ್ ಇದೆ, 50 ಎಂಬಿಪಿಎಸ್, ಅಪ್‌ಲೋಡೂ ಅಷ್ಟೇ. ಸ್ಪೀಡ್ ಟೆಸ್ಟ್ ಮಾಡಿದ್ರೆ ಯಾವಾಗ್ಲೂ 48, 49 ತೋರ್ಸುತ್ತೆ, ಅದ್ರಲ್ಲಿ ದೂರೋಕೇನೂ ಇಲ್ಲ. ಆದ್ರೆ ನಾನು ಆಫೀಸ್ ಮೀಟಿಂಗಲ್ಲಿ ಮಾತಾಡ್ತಾ ಇರುವಾಗ ತಂಗಿ ತನ್ನ ಫೋನಿಂದ ವಿಡಿಯೋ ಅಪ್‌ಲೋಡ್ ಶುರು ಮಾಡಿದ್ಲು ಅಂದ್ರೆ ಮುಗೀತು, ನನ್ನ ಮುಖ ಅಲ್ಲೇ ನಿಂತು ಹೋಗುತ್ತೆ, ಮಾತು ತುಂಡು ತುಂಡಾಗುತ್ತೆ. ಎಲ್ರೂ ಹೇಳೋದು ಒಂದೇ, ದೊಡ್ಡ ಪ್ಲಾನ್ ಹಾಕ್ಸು, 100 ಮಾಡು ಅಂತ. ವಿಡಿಯೋ ಕಾಲ್‌ಗೆ ಬೇಕಾಗೋದು ಎರಡು ಮೂರು ಎಂಬಿಪಿಎಸ್, 50 ಇದ್ದೂ ಸಾಲ್ತಿಲ್ಲ ಅಂದ್ರೆ ತೊಂದ್ರೆ ಬೇರೆ ಎಲ್ಲೋ ಇದೆ ಅಂತ ನನ್ನ ಲೆಕ್ಕ.

ಅದಕ್ಕೆ ಒಂದಿನ ರಾತ್ರಿ ಕೂತು ಅಳೆದೆ. ಲೈನ್ ಖಾಲಿ ಇರುವಾಗ ಪಿಂಗ್, ಅಂದ್ರೆ ಒಂದು ಸಂದೇಶ ಹೋಗಿ ಉತ್ತರ ವಾಪಸ್ ಬರೋಕೆ ಹಿಡಿಯೋ ಸಮಯ, 14 ಮಿಲಿಸೆಕೆಂಡ್. ತಂಗಿಗೆ ಒಂದು ದೊಡ್ಡ ಫೈಲ್ ಕಳ್ಸು ಅಂದೆ, ಅವಳು ಕಳ್ಸೋಕೆ ಶುರು ಮಾಡಿದ ಎರಡೇ ಸೆಕೆಂಡಲ್ಲಿ ಪಿಂಗ್ 90, 240, 410, ಆಮೇಲೆ 580ರ ಆಸುಪಾಸು ಹೋಗಿ ಅಲ್ಲೇ ಕೂತ್ಕೊಂಡ್ತು. ಫೈಲ್ ಮುಗೀತು, ತಿರುಗಾ 14. ಒಂದು ಪ್ಯಾಕೆಟ್ಟೂ (ನೆಟ್ಟಲ್ಲಿ ಡೇಟಾ ಹೋಗೋ ಸಣ್ಣ ತುಂಡು) ಕಳೆದು ಹೋಗಿಲ್ಲ, ಎಲ್ಲಾ ಬಂದಿವೆ, ಆದ್ರೆ ಅರ್ಧ ಸೆಕೆಂಡಿಗಿಂತ ಜಾಸ್ತಿ ತಡವಾಗಿ. ಇದನ್ನೇ ಬಫರ್‌ಬ್ಲೋಟ್ ಅಂತಾರೆ. ಜಿಮ್ ಗೆಟಿಸ್ ಅನ್ನೋ ಪ್ರೋಗ್ರಾಮರ್ 2010ರ ಸುಮಾರಿಗೆ ತಮ್ಮ ಮನೇಲೇ ಇದೇ ಥರ ತೊಂದ್ರೆ ಬಂದು, ಬೆನ್ನು ಹತ್ತಿ ಹುಡುಕಿ, ಅದಕ್ಕೆ ಈ ಹೆಸರಿಟ್ರು.

ಏನಾಗುತ್ತೆ ಅಂದ್ರೆ, ಹಿಟ್ಟಿನ ಗಿರಣಿ ನೆನಪು ಮಾಡ್ಕೊಳ್ಳಿ. ಒಬ್ರು ಮೂರು ಮೂಟೆ ರಾಗಿ ತಂದು ಸಾಲಲ್ಲಿ ಇಟ್ಟಿದ್ದಾರೆ, ಅವ್ರ ಹಿಂದೆ ನೀವು ಅರ್ಧ ಸೇರು ಅಕ್ಕಿ ಹಿಡ್ಕೊಂಡು ನಿಂತಿದ್ದೀರಿ. ಗಿರಣಿ ಎಷ್ಟೇ ಜೋರಾಗಿ ಓಡ್ಲಿ, ಆ ಮೂರು ಮೂಟೆ ಮುಗಿಯೋವರೆಗೆ ನೀವು ಕಾಯ್ಲೇಬೇಕು. ರೂಟರ್ ಒಳಗೂ ಹಂಗೇ ಒಂದು ಸಾಲು ಇರುತ್ತೆ. ಮೆಮೊರಿ ಅಗ್ಗ ಆದ್ಮೇಲೆ ಆ ಸಾಲನ್ನ ಸಿಕ್ಕಾಪಟ್ಟೆ ಉದ್ದ ಇಟ್ಬಿಟ್ರು, ಪ್ಯಾಕೆಟ್ ಎಸೀಬಾರ್ದು ಅಂತ. ಅಪ್‌ಲೋಡ್ ಪ್ಯಾಕೆಟ್‌ಗಳು ಮೂಟೆ ಮೂಟೆಯಾಗಿ ಬಂದು ಕೂತ್ಕೋತವೆ, ನನ್ನ ಮೀಟಿಂಗಿನ ಸಣ್ಣ ಸಣ್ಣ ಧ್ವನಿ ಪ್ಯಾಕೆಟ್‌ಗಳು ಅವುಗಳ ಹಿಂದೆ. ಪ್ಲಾನ್ ದೊಡ್ಡದು ಮಾಡಿದ್ರೆ ಗಿರಣಿ ಸ್ವಲ್ಪ ಜೋರಾಗಿ ಓಡುತ್ತೆ, ನಿಜ, ಆದ್ರೆ ಮೂಟೆ ತರೋರೂ ಜಾಸ್ತಿ ಮೂಟೆ ತರ್ತಾರೆ. ಸರಿ ಮಾಡ್ಬೇಕಾಗಿರೋದು ಸಾಲನ್ನ ನೋಡ್ಕೊಳ್ಳೋ ರೀತಿನ. ಆ ಸಾಲನ್ನ ನೋಡ್ಕೊಳ್ಳೋದು ಯಾರು? ರೂಟರ್‌ನ ಆಪರೇಟಿಂಗ್ ಸಿಸ್ಟಂ.

ರೂಟರ್‌ಗೂ ಆಪರೇಟಿಂಗ್ ಸಿಸ್ಟಂ ಇರುತ್ತಾ ಅಂತ ನಮ್ಮಮ್ಮ ಕೇಳಿದ್ರು, ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಅದೂ ಒಂದು ಕಂಪ್ಯೂಟರ್ರೇ, ಸ್ಕ್ರೀನು ಕೀಬೋರ್ಡು ಇಲ್ಲ ಅಷ್ಟೇ. ದೊಡ್ಡ ಟೆಲಿಕಾಂ ಕಂಪನಿಗಳ ಡಬ್ಬಗಳಲ್ಲಿ ಸಿಸ್ಕೋದವ್ರ ಐಒಎಸ್, ಜುನಿಪರ್‌ನವ್ರ ಜುನೋಸ್ ಓಡ್ತವೆ, ಜುನೋಸ್ ಹುಟ್ಟಿದ್ದು ಫ್ರೀಬಿಎಸ್‌ಡಿ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಮೇಲೆ. ಡೇಟಾ ಸೆಂಟರ್ ಸ್ವಿಚ್‌ಗಳಿಗೆ ಮೈಕ್ರೋಸಾಫ್ಟ್‌ನವ್ರು 2016ರಲ್ಲಿ ಸೋನಿಕ್ ಅಂತ ಒಂದನ್ನ ಓಪನ್ ಮಾಡಿದ್ರು. ಮನೆಗೆ, ಸಣ್ಣ ಆಫೀಸಿಗೆ ಆದ್ರೆ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಇವೆ, ಎರಡೂ ಫ್ರೀಬಿಎಸ್‌ಡಿ ಮೇಲೆ ಕಟ್ಟಿದ್ದು, ಚೆನ್ನಾಗಿವೆ, ಆದ್ರೆ ಅದಕ್ಕೊಂದು ಪಿಸಿ ಬೇಕು, ಅದು ದಿನದ 24 ಗಂಟೆ ಕರೆಂಟ್ ತಿಂತಾ ಕೂರುತ್ತೆ, ಕರೆಂಟ್ ಹೋದ್ರೆ ಅದನ್ನ ಯುಪಿಎಸ್ ಮೇಲೆ ಎಷ್ಟು ಹೊತ್ತು ಓಡಿಸ್ತೀರ? ನಂಗೆ ಬೇಕಿದ್ದು ಹತ್ತು ವ್ಯಾಟ್ ಒಳಗೆ ಓಡೋ ಡಬ್ಬ, ಅದಕ್ಕೆ ಓಪನ್‌ವರ್ಟ್.

ಈ ಓಪನ್‌ವರ್ಟ್ ಹೆಸರಿನ ಕಥೆ ನಂಗೆ ತುಂಬಾ ಇಷ್ಟ. ಲಿಂಕ್‌ಸಿಸ್ ಕಂಪನಿ 2002ರ ಕೊನೇಲಿ ಡಬ್ಲ್ಯುಆರ್‌ಟಿ54ಜಿ ಅಂತ ನೀಲಿ ಕಪ್ಪು ಬಣ್ಣದ, ಎರಡು ಆಂಟೆನಾದ ರೂಟರ್ ತಂತು. ಅದ್ರ ಒಳಗೆ ಓಡ್ತಾ ಇರೋದು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಅಂತ ಜನ ಕಂಡುಹಿಡಿದ್ರು. ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) ಇರೋದು ಜಿಪಿಎಲ್ ಲೈಸೆನ್ಸ್ ಕೆಳಗೆ, ಅಂದ್ರೆ ಅದನ್ನ ಹಾಕಿ ಡಬ್ಬ ಮಾರಿದ್ರೆ ಕೊಂಡೋರಿಗೆ ಸೋರ್ಸ್ ಕೋಡ್ ಕೊಡ್ಬೇಕು. 2003ರಲ್ಲಿ ಕೋಡ್ ಹೊರಗೆ ಬಂತು, 2004ರಲ್ಲಿ ಅದ್ರ ಮೇಲೆ ಓಪನ್‌ವರ್ಟ್ ಶುರುವಾಯ್ತು. ಹೆಸರಿನ ಬಾಲದಲ್ಲಿರೋ ಡಬ್ಲ್ಯುಆರ್‌ಟಿ ಆ ರೂಟರ್ರಿಂದಲೇ ಬಂದಿದ್ದು. ಮಧ್ಯೆ 2016ರಲ್ಲಿ ಒಂದಷ್ಟು ಡೆವಲಪರ್‌ಗಳು ಬೇರೆಯಾಗಿ ಲೀಡ್ ಅಂತ ಮಾಡ್ಕೊಂಡಿದ್ರು, 2018ರಲ್ಲಿ ಮತ್ತೆ ಒಂದಾದ್ರು. ಒಂದು ಲೈಸೆನ್ಸಿನ ಒಂದು ಷರತ್ತಿನಿಂದ ಇಪ್ಪತ್ತು ವರ್ಷ ಆದ್ಮೇಲೂ ನಮ್ಮ ಅಟ್ಟದ ಮೇಲಿನ ಡಬ್ಬಕ್ಕೆ ಹೊಸ ಕರ್ನಲ್ ಸಿಗ್ತಿದೆ.

ಅಟ್ಟದ ಮೇಲಿನ ಡಬ್ಬ ಅಂದ್ರೆ ನಾವು ಮುಂಚೆ ಬಳಸ್ತಿದ್ದ ಡ್ಯುಯಲ್ ಬ್ಯಾಂಡ್ ರೂಟರ್. ಕಂಪನಿಯವ್ರು ಅಪ್‌ಡೇಟ್ ಕೊಡೋದು ನಿಲ್ಲಿಸಿ ವರ್ಷಗಳಾಗಿದ್ವು. ಒಳಗೆ ಮೀಡಿಯಾಟೆಕ್ ಎಂಟಿ7621 ಚಿಪ್, 880 ಮೆಗಾಹರ್ಟ್ಸ್‌ನ ಎರಡು ಕೋರ್, 128 ಎಂಬಿ ರ‍್ಯಾಮ್, 16 ಎಂಬಿ ಫ್ಲಾಶ್, ಅಂದ್ರೆ ಕರೆಂಟ್ ಹೋದ್ರೂ ಅಳಿಯದ ಮೆಮೊರಿ. 16 ಜಿಬಿ ಅಲ್ಲ, 16 ಎಂಬಿ, ನಾಲ್ಕು ಒಳ್ಳೇ ಫೋಟೋ ಹಿಡಿಯೋ ಜಾಗ. ಅಷ್ಟ್ರಲ್ಲಿ ಬೂಟ್‌ಲೋಡರ್ (ಆನ್ ಮಾಡಿದಾಗ ಮೊದ್ಲು ಓಡೋ ಪುಟ್ಟ ಪ್ರೋಗ್ರಾಂ), ಕರ್ನಲ್, ಫೈರ್‌ವಾಲ್, ವೆಬ್ ಪೇಜು ಎಲ್ಲಾ ಇರ್ಬೇಕು. ಓಪನ್‌ವರ್ಟ್‌ಗೆ ಇದು ಸಾಕು. 8 ಎಂಬಿ ಫ್ಲಾಶು, 64 ಎಂಬಿ ರ‍್ಯಾಮು ಇರೋ ಡಬ್ಬಗಳಲ್ಲಿ ಕಷ್ಟ, 4 ಎಂಬಿ ಫ್ಲಾಶು, 32 ಎಂಬಿ ರ‍್ಯಾಮಿಂದಂತೂ ಬಿಟ್ಬಿಡಿ, ಹಳೇದು ತಗೊಳ್ಳೋರು ಮೊದ್ಲು ಇದನ್ನ ನೋಡ್ಕೊಳ್ಳಿ.

ಸರಿ, ಶನಿವಾರ ಬೆಳಿಗ್ಗೆ ಓಪನ್‌ವರ್ಟ್ 24.10 ಸಾಲಿನ ಇಮೇಜ್, ಅಂದ್ರೆ ಪೂರ್ತಿ ಸಿಸ್ಟಂ ಇರೋ ಫೈಲ್, ಇಳಿಸ್ಕೊಂಡೆ. ಒಂದು ವಿಷ್ಯ, ಒಂದೇ ಮಾಡೆಲ್‌ಗೆ ವರ್ಷನ್ 1, 2, 3 ಅಂತ ಬೇರೆ ಬೇರೆ ಇರ್ತವೆ, ಹೊರಗಿನ ಪ್ಲಾಸ್ಟಿಕ್ ಒಂದೇ, ಒಳಗಿನ ಚಿಪ್ಪೇ ಬೇರೆ. ಡಬ್ಬದ ಬೆನ್ನ ಮೇಲಿರೋ ಸ್ಟಿಕರ್ ನೋಡಿ ವರ್ಷನ್ ಸರಿಯಾಗಿ ಹೊಂದಿಸ್ಕೊಂಡೇ ಇಳಿಸ್ಬೇಕು. ಫೈಲ್ ಕೆಡದೆ ಬಂದಿದ್ಯಾ ಅಂತ ಚೆಕ್‌ಸಮ್ ಹೊಂದಿಸಿ ನೋಡಿದೆ, ಸರಿ ಇತ್ತು. ಹಳೇ ಫರ್ಮ್‌ವೇರ್‌ನ (ಡಬ್ಬದೊಳಗೆ ಬರೆದಿರೋ ಸಿಸ್ಟಂ ಸಾಫ್ಟ್‌ವೇರ್) ಅಪ್‌ಗ್ರೇಡ್ ಪೇಜಲ್ಲೇ ಫ್ಯಾಕ್ಟರಿ ಇಮೇಜ್ ಕೊಟ್ರೆ ಆಯ್ತು, ಐದು ನಿಮಿಷದ ಕೆಲ್ಸ. ಆದ್ರೆ ಬೆಳಿಗ್ಗೆ ತೋಟಕ್ಕೆ ಹೋಗೋದಿತ್ತು, ಬಂದು ಊಟ ಮಾಡಿ ಕೂತಾಗ ಎರಡೂ ಮುಕ್ಕಾಲು. ಅಪ್‌ಲೋಡ್ ಒತ್ತಿದೆ, ಲೈಟ್ ಮಿಣುಕೋಕೆ ಶುರುವಾಯ್ತು, ನಾನು ನೀರು ಕುಡಿಯೋಕೆ ಒಳಗೆ ಹೋದೆ.

ಅಷ್ಟೊತ್ತಿಗೆ ಒಂದು ದೊಡ್ಡ ಗುಡುಗು. ನಮ್ಮ ಕಡೆ ಗುಡುಗು ಕೇಳಿದ್ರೆ ಮನೇಲಿರೋ ಎಲ್ಲಾ ಪ್ಲಗ್ ಕೀಳೋದು ರೂಢಿ, ಟಿವಿ, ಫ್ರಿಜ್ಜು, ಮೋಟ್ರು ಎಲ್ಲಾ. ಎರಡು ವರ್ಷದ ಹಿಂದೆ ಸಿಡಿಲಿಗೆ ಒಂದು ರೂಟರ್ರು ಒಂದು ಸೆಟ್‌ಟಾಪ್ ಬಾಕ್ಸೂ ಸುಟ್ಟು ಹೋಗಿದ್ವು. ಅಪ್ಪಯ್ಯ ಜಗಲಿಯಿಂದ ಎದ್ದು ಬಂದವ್ರೇ ವಾಡಿಕೆ ಪ್ರಕಾರ ಎಲ್ಲಾ ಕಿತ್ರು, ನನ್ನ ಟೇಬಲ್ ಮೇಲಿನ ರೂಟರ್ ಅಡಾಪ್ಟರ್ ಸೇರಿಸಿ. ಅವ್ರು ಮಾಡಿದ್ದು ಸರಿನೇ, ನಾನು ಹೇಳಿಟ್ಟಿರ್ಲಿಲ್ಲ.

ಮಳೆ ನಿಂತ್ಮೇಲೆ ಪ್ಲಗ್ ಹಾಕಿದ್ರೆ ಪವರ್ ಲೈಟ್ ಮಾತ್ರ. ವೈಫೈ ಇಲ್ಲ, ಪಿಂಗ್ ಇಲ್ಲ, ರೀಸೆಟ್ ಒತ್ತಿ ಹಿಡಿದ್ರೂ ಏನೂ ಇಲ್ಲ. ಅರ್ಧ ಬರೆದ ಫರ್ಮ್‌ವೇರ್.

ಇಲ್ಲಿ ಹೆದರಿ ಎಸೀಬೇಡಿ. ಫ್ಲಾಶ್ ಒಳಗೆ ಪಾರ್ಟಿಶನ್‌ಗಳಿರ್ತವೆ, ಮೊದಲನೇದು ಬೂಟ್‌ಲೋಡರ್, ಅದು ಯು-ಬೂಟ್. ಅಪ್‌ಗ್ರೇಡ್ ಮಾಡುವಾಗ ಬರೆಯೋದು ಫರ್ಮ್‌ವೇರ್ ಪಾರ್ಟಿಶನ್ ಮಾತ್ರ, ಬೂಟ್‌ಲೋಡರ್ ಮುಟ್ಟಿರಲ್ಲ. ಅದು ಬದುಕಿದ್ರೆ ಡಬ್ಬ ಬದುಕಿದೆ ಅಂತ ಲೆಕ್ಕ, ಮಾತಾಡ್ಸೋಕೆ ಒಂದು ದಾರಿ ಬೇಕು ಅಷ್ಟೆ. ಆ ದಾರಿನೇ ಸೀರಿಯಲ್ ಕನ್ಸೋಲ್, ಬೋರ್ಡಿಗೇ ವೈರ್ ಹಾಕಿ ಲ್ಯಾಪ್‌ಟಾಪಿಂದ ನೇರ ಮಾತಾಡ್ಸೋದು.

ಭಾನುವಾರ ಡಬ್ಬ ಬಿಚ್ಚಿದೆ. ಕೆಳಗೆ ರಬ್ಬರ್ ಕಾಲುಗಳ ಅಡಿ ಎರಡು ಸ್ಕ್ರೂ, ಉಳಿದಿದ್ದು ಪ್ಲಾಸ್ಟಿಕ್ ಕ್ಲಿಪ್, ಹಳೇ ಸಿಮ್ ಕಾರ್ಡಿನ ತುಂಡು ತೂರಿಸಿ ನಿಧಾನಕ್ಕೆ ಸುತ್ತ ಬಿಡಿಸಿದೆ. ಬೋರ್ಡಿನ ಅಂಚಲ್ಲಿ ಸಾಲಾಗಿ ನಾಲ್ಕು ತೂತು, ಹೆಸರು ಬರೆದಿಲ್ಲ. ಯಾವುದು ಯಾವುದು ಅಂತ ಪತ್ತೆ ಮಾಡೋದು ಹಿಂಗೆ: ಮಲ್ಟಿಮೀಟರ್ ಕಂಟಿನ್ಯುಟಿಲಿ ಇಟ್ಟು ಒಂದು ಕಡ್ಡಿನ ಲ್ಯಾನ್ ಪೋರ್ಟಿನ ಲೋಹದ ಕವಚಕ್ಕೆ ಮುಟ್ಟಿಸಿ ಇನ್ನೊಂದನ್ನ ಒಂದೊಂದೇ ತೂತಿಗೆ ಇಟ್ರೆ, ಬೀಪ್ ಬಂದಿದ್ದು ಗ್ರೌಂಡ್. ಆಮೇಲೆ ಪವರ್ ಹಾಕಿ ವೋಲ್ಟ್ ನೋಡಿದ್ರೆ ಒಂದು ತೂತಲ್ಲಿ ಕದಲದೆ 3.3, ಅದು ಸಪ್ಲೈ, ಅದನ್ನ ಮುಟ್ಟೋದೇ ಬೇಡ. ಇನ್ನೊಂದ್ರಲ್ಲಿ ಬೂಟ್ ಆಗುವಾಗ 3.3ರಿಂದ ಕೆಳಗೆ ಮೇಲೆ ಕುಣಿಯುತ್ತೆ, ಅದು ರೂಟರ್ ಮಾತಾಡೋ ಟಿಎಕ್ಸ್. ಉಳಿದಿದ್ದು ರೂಟರ್ ಕೇಳೋ ಆರ್‌ಎಕ್ಸ್. ಮೂರು ಪಿನ್ ಬೆಸುಗೆ ಹಾಕಿದೆ, ಯುಎಸ್‌ಬಿ ಟಿಟಿಎಲ್ ಕನ್ವರ್ಟರ್ (ಈ ಪಿನ್‌ಗಳನ್ನ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸೇರಿಸೋದು) ತಗೊಂಡು ಗ್ರೌಂಡಿಗೆ ಗ್ರೌಂಡ್, ಅದ್ರ ಆರ್‌ಎಕ್ಸ್‌ಗೆ ಇದ್ರ ಟಿಎಕ್ಸ್, ಅದ್ರ ಟಿಎಕ್ಸ್‌ಗೆ ಇದ್ರ ಆರ್‌ಎಕ್ಸ್, ಅಡ್ಡಡ್ಡ. ಕನ್ವರ್ಟರ್ ಮೇಲಿರೋ ಜಂಪರ್ 5 ವೋಲ್ಟ್ ಕಡೆ ಇದ್ರೆ 3.3ಕ್ಕೆ ಬದಲಾಯಿಸ್ಲೇಬೇಕು, ಇಲ್ಲಾಂದ್ರೆ ಚಿಪ್ಪಿನ ಪಿನ್ ಸುಟ್ಟು ಹೋಗ್ಬೋದು.

ಲ್ಯಾಪ್‌ಟಾಪಲ್ಲಿ ಟರ್ಮಿನಲ್ ತೆಗೆದು 115200 ಬಾಡ್ ಇಟ್ಟು ಪವರ್ ಕೊಟ್ಟೆ, ಬರೀ ಕಸದಂಥ ಅಕ್ಷರ. ಕಸ ಬಂತು ಅಂದ್ರೆ ಒಳ್ಳೇ ಸುದ್ದಿ, ಅಲ್ಲಿ ಯಾರೋ ಮಾತಾಡ್ತಿದ್ದಾರೆ, ಕೇಳೋ ವೇಗ ತಪ್ಪಿದೆ ಅಷ್ಟೇ. 57600 ಮಾಡಿದೆ, ಸಾಲು ಸಾಲಾಗಿ ಶುದ್ಧ ಅಕ್ಷರ ಬಂತು. ಯು-ಬೂಟ್ ಹೆಸರು, ರ‍್ಯಾಮ್ ಸೈಜು, ಆಮೇಲೆ ಒಂದು ಮೆನು. ನಿಜ ಹೇಳ್ಬೇಕಂದ್ರೆ ಆ ಕ್ಷಣದಲ್ಲಿ ಎದ್ದು ಹೋಗಿ ಅಮ್ಮನಿಗೆ ಹೇಳ್ಬಂದೆ, ಬದುಕಿದೆ ಅಂತ.

ಆ ಮೆನು ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಮೀಡಿಯಾಟೆಕ್ ಡಬ್ಬಗಳಲ್ಲಿ ತುಂಬಾ ಕಡೆ ಇದೇ ಇರುತ್ತೆ. 1 ಒತ್ತಿದ್ರೆ ಟಿಎಫ್‌ಟಿಪಿ (ನೆಟ್‌ವರ್ಕಲ್ಲಿ ಫೈಲ್ ಕಳ್ಸೋ ಸರಳ ವಿಧಾನ) ಮೂಲಕ ಸಿಸ್ಟಂ ತಂದು ರ‍್ಯಾಮಲ್ಲಿ ಮಾತ್ರ ಓಡಿಸುತ್ತೆ. 2 ಒತ್ತಿದ್ರೆ ತಂದು ಫ್ಲಾಶ್‌ಗೇ ಬರೆಯುತ್ತೆ. 3 ಮಾಮೂಲಿ ಬೂಟ್. 4 ಕಮಾಂಡ್ ಲೈನ್. 9 ಒತ್ತಿದ್ರೆ ಬೂಟ್‌ಲೋಡರನ್ನೇ ತಿದ್ದಿ ಬರೆಯುತ್ತೆ, ಅದ್ರ ಹತ್ರ ಹೋಗ್ಲೇಬೇಡಿ, ಅದು ಹಾಳಾದ್ರೆ ಫ್ಲಾಶ್ ಚಿಪ್ ಕಿತ್ತು ಪ್ರೋಗ್ರಾಮರ್‌ಗೆ ಹಾಕ್ಬೇಕಾಗುತ್ತೆ. ನಾನು ಆರಿಸಿದ್ದು 1. ಯಾಕಂದ್ರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನೋ ಇಮೇಜ್ ಪೂರ್ತಿ ರ‍್ಯಾಮಲ್ಲೇ ಓಡುತ್ತೆ, ಫ್ಲಾಶ್‌ಗೆ ಒಂದು ಅಕ್ಷರನೂ ಬರೆಯಲ್ಲ, ಸರಿ ಹೋಗ್ಲಿಲ್ಲ ಅಂದ್ರೆ ಪವರ್ ತೆಗೆದು ಮತ್ತೆ ಶುರು ಮಾಡ್ಬೋದು. ಮೊದ್ಲು ರೋಗಿನ ಎಬ್ಬಿಸಿ ಕೂರಿಸೋದು, ಆಮೇಲೆ ಆಪರೇಶನ್.

1 ಒತ್ತಿದ್ರೆ ರೂಟರ್ ಐಪಿ ಕೇಳ್ತು, ಅದೇ 10.10.10.123 ಅಂತ ತುಂಬಿಸಿತ್ತು, ಸರ್ವರ್ 10.10.10.3. ಲ್ಯಾಪ್‌ಟಾಪ್‌ಗೆ 10.10.10.3 ಕೈಯಾರೆ ಕೊಟ್ಟೆ, ಟಿಎಫ್‌ಟಿಪಿ ಸರ್ವರ್ ಓಡಿಸಿದೆ, ಫೈಲ್ ಹೆಸರು ಚಿಕ್ಕದಾಗಿ ಮಾಡಿಟ್ಟೆ. ಆದ್ರೆ ಬರೀ ಟಿ ಟಿ ಟಿ ಅಂತ ಟೈಮ್‌ಔಟ್. ಅರ್ಧ ಗಂಟೆ ಫೈರ್‌ವಾಲ್ ನೋಡ್ತಾ ಕೂತೆ. ಕೊನೆಗೆ ಗೊತ್ತಾಗಿದ್ದು, ರೂಟರ್ ರೀಸ್ಟಾರ್ಟ್ ಆಗುವಾಗ ಲ್ಯಾನ್ ಲಿಂಕ್ ಒಂದು ಕ್ಷಣ ಬಿದ್ದು ಹೋಗುತ್ತೆ, ಲಿಂಕ್ ಬಿದ್ದ ಕೂಡ್ಲೇ ಲ್ಯಾಪ್‌ಟಾಪಿನ ನೆಟ್‌ವರ್ಕ್ ಮ್ಯಾನೇಜರ್ ನಾನು ಕೊಟ್ಟ ಐಪಿನ ತೆಗೆದು ಹಾಕ್ತಿತ್ತು. ಮಧ್ಯೆ ಒಂದು ಹಳೇ ಐದು ಪೋರ್ಟಿನ ಸ್ವಿಚ್ ಇಟ್ಟೆ, ಈಗ ರೂಟರ್ ಬಿದ್ರೂ ಎದ್ರೂ ಲ್ಯಾಪ್‌ಟಾಪಿಗೆ ಸ್ವಿಚ್ ಜೊತೆಗಿನ ಲಿಂಕ್ ಇರುತ್ತೆ. ಮುಂದಿನ ಸಲ ಸ್ಕ್ರೀನ್ ತುಂಬಾ ಹ್ಯಾಶ್ ಗುರುತುಗಳು ಓಡಿದ್ವು, ಏಳು ಎಂಬಿ ಹತ್ರದ ಫೈಲು, ಕೆಲವೇ ಸೆಕೆಂಡು. ಕರ್ನಲ್ ಬಿಚ್ಕೊಂಡ್ತು, ಲಾಗ್ (ಏನೇನು ನಡೀತಿದೆ ಅಂತ ಸಿಸ್ಟಂ ಬರೆಯೋ ಸಾಲುಗಳು) ಓಡ್ತು, ಎಂಟರ್ ಒತ್ತಿ ಅಂತು, ಒತ್ತಿದ್ರೆ ಓಪನ್‌ವರ್ಟ್ ಬ್ಯಾನರ್ ಬಂತು.

ಈಗ ಫ್ಲಾಶ್‌ಗೆ ಬರೆಯೋ ಮುಂಚೆ ಮಾಡ್ಲೇಬೇಕಾದ ಒಂದು ಕೆಲ್ಸ. ಪಾರ್ಟಿಶನ್ ಪಟ್ಟೀಲಿ ಫ್ಯಾಕ್ಟರಿ ಅಂತ ಒಂದು ಸಣ್ಣದಿರುತ್ತೆ, ನಂದ್ರಲ್ಲಿ 64 ಕೆಬಿ. ಅದ್ರಲ್ಲಿ ನಿಮ್ಮ ಡಬ್ಬದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕಲ್ಲಿ ಅದ್ರ ಗುರುತಿನ ಸಂಖ್ಯೆ) ಮತ್ತೆ ವೈಫೈ ರೇಡಿಯೋದ ಕ್ಯಾಲಿಬ್ರೇಶನ್ ಡೇಟಾ ಇರುತ್ತೆ. ಪ್ರತಿ ರೂಟರ್ ಕಾರ್ಖಾನೆಯಿಂದ ಹೊರಗೆ ಬರುವಾಗ ಅದರದ್ದೇ ರೇಡಿಯೋನ ಅಳೆದು ಬರೆದಿರೋ ಸಂಖ್ಯೆಗಳು ಅವು, ಜಾತಕ ಇದ್ದಂಗೆ, ಪಕ್ಕದ ಮನೆಯವ್ರ ರೂಟರ್‌ದು ತಂದು ಹಾಕಿದ್ರೆ ಸರಿ ಹೊಂದಲ್ಲ. ಇದು ಹೋದ್ರೆ ಯಾವ ವೆಬ್‌ಸೈಟಲ್ಲೂ ಸಿಗಲ್ಲ. ಎಲ್ಲಾ ಪಾರ್ಟಿಶನ್ ಒಂದೊಂದಾಗಿ ಫೈಲ್ ಮಾಡಿ ಲ್ಯಾಪ್‌ಟಾಪಿಗೆ ಕಾಪಿ ತಗೊಂಡೆ, ಪೆನ್‌ಡ್ರೈವಿಗೂ ಒಂದು ಕಾಪಿ. ಆಮೇಲೆ ಓಪನ್‌ವರ್ಟ್ ಒಳಗಿಂದಲೇ ಫ್ಲಾಶ್‌ಗೆ ಬರೆಯೋ ಸಿಸ್‌ಅಪ್‌ಗ್ರೇಡ್ ಇಮೇಜ್ ಕೊಟ್ಟೆ. ಈ ಸಲ ಆಕಾಶ ತಿಳಿಯಾಗಿರೋದು ನೋಡ್ಕೊಂಡು, ಇನ್ವರ್ಟರ್ ಲೈನಿಂದ ಕರೆಂಟ್ ಕೊಟ್ಟು, ಅಪ್ಪಯ್ಯನಿಗೂ ಹೇಳಿ ಕೂತಿದ್ದೆ, ಅವ್ರೂ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು. ಎರಡು ನಿಮಿಷ. ರೀಬೂಟ್ ಆಗಿ ಮೇಲೆ ಬಂತು.

ಕಾನ್ಫಿಗರೇಶನ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ವೆಬ್ ಪೇಜಿನ ಹೆಸರು ಲೂಸಿ, 192.168.1.1ರಲ್ಲಿ ಸಿಗುತ್ತೆ. ಮೊದ್ಲು ಪಾಸ್‌ವರ್ಡ್, ಆಮೇಲೆ ವೈಫೈ, ವೈಫೈ ಡೀಫಾಲ್ಟಾಗಿ ಆಫ್ ಇರುತ್ತೆ ಅದ್ರಿಂದ ಕೇಬಲ್ ಬೇಕು. ದೇಶ ಇಂಡಿಯಾ ಅಂತ ಇಡಿ, ಚಾನೆಲ್ಲು ಪವರ್ರು ಎಲ್ಲಾ ಅದ್ರ ಮೇಲೆ ನಿಂತಿದೆ. ಫೈಬರ್ ಡಬ್ಬನ ಬ್ರಿಡ್ಜ್ ಮೋಡಿಗೆ, ಅಂದ್ರೆ ಬರೀ ಡೇಟಾ ದಾಟಿಸೋ ಹಂಗೆ, ಹಾಕಿಸ್ಕೊಂಡೆ, ಪಿಪಿಪಿಒಇ (ಕೇಬಲ್‌ನವ್ರು ಕೊಟ್ಟ ಹೆಸರು ಪಾಸ್‌ವರ್ಡ್ ಹಾಕಿ ನೆಟ್‌ಗೆ ಸೇರೋ ವಿಧಾನ) ಲಾಗಿನ್ ಈಗ ಓಪನ್‌ವರ್ಟಲ್ಲೇ. ಮೊದ್ಲು ಕನೆಕ್ಟ್ ಆಗ್ಲಿಲ್ಲ, ಹಳೇ ಮ್ಯಾಕ್ ಅಡ್ರೆಸ್ ಕೇಬಲ್‌ನವ್ರ ಕಡೆ ಲಾಕ್ ಆಗಿರುತ್ತೆ, ಫೋನ್ ಮಾಡಿ "ಮ್ಯಾಕ್ ರಿಲೀಸ್ ಮಾಡಿ" ಅಂದ್ರೆ ಎರಡು ನಿಮಿಷದಲ್ಲಿ ಮಾಡ್ಕೊಡ್ತಾರೆ. ಈ ಪಿಪಿಪಿಒಇಗೆ ಪ್ರತಿ ಪ್ಯಾಕೆಟಲ್ಲಿ 8 ಬೈಟ್ ಹೋಗುತ್ತೆ, ಅದಕ್ಕೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಸೈಜು) 1500 ಬದ್ಲು 1492, ಫೈರ್‌ವಾಲಲ್ಲಿ ಎಂಎಸ್‌ಎಸ್ ಕ್ಲಾಂಪಿಂಗ್ (ಪ್ಯಾಕೆಟ್ ಆ ಸೈಜ್ ಮೀರದಂಗೆ ನೋಡ್ಕೊಳ್ಳೋದು) ಟಿಕ್ ಇದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಕೆಲವು ಸೈಟ್ ಮಾತ್ರ ತೆಗೆಯಲ್ಲ, ಯಾಕಂತ ತಲೆ ಕೆಡುತ್ತೆ.

ಈಗ ಇಷ್ಟೆಲ್ಲಾ ಯಾಕೆ ಮಾಡಿದ್ವೋ ಆ ವಿಷ್ಯ. ಸಾಲನ್ನ ನೋಡ್ಕೊಳ್ಳೋ ಎಸ್‌ಕ್ಯುಎಂ ಪ್ಯಾಕೇಜ್ ಹಾಕಿದೆ. ಇದ್ರ ಒಳಗೆ ಕೇಕ್ ಅನ್ನೋ ಕ್ಯೂ ವ್ಯವಸ್ಥೆ ಇದೆ, 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ್ದು. ಅದ್ರ ಬೇರು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮಾಡಿದ ಕೋಡೆಲ್. ಅವ್ರು ಹೇಳಿದ್ದು ಇಷ್ಟೇ, ಸಾಲು ಎಷ್ಟು ಉದ್ದ ಇದೆ ಅಂತ ನೋಡ್ಬೇಡಿ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡಿ, ಕಾಯೋದು 5 ಮಿಲಿಸೆಕೆಂಡ್ ಮೀರಿ ಹಂಗೇ ಮುಂದುವರಿದ್ರೆ ಒಂದೊಂದೇ ಪ್ಯಾಕೆಟ್ ಬೀಳಿಸಿ, ಕಳಿಸೋರು ತಾವಾಗೇ ನಿಧಾನ ಆಗ್ತಾರೆ. ಅದ್ರ ಜೊತೆ ಒಬ್ಬೊಬ್ರಿಗೂ ಬೇರೆ ಸಾಲು ಮಾಡಿ ಸರದಿ ಪ್ರಕಾರ ಬಿಡೋದು. ಗಿರಣಿಲಿ ಹೇಳೋದಾದ್ರೆ ಮೂರು ಮೂಟೆಯವ್ರ ಒಂದು ಬುಟ್ಟಿ ಹಾಕಿ, ಆಮೇಲೆ ಅರ್ಧ ಸೇರಿನವ್ರದ್ದು ಹಾಕಿ ಕಳ್ಸಿ, ಮತ್ತೆ ಮೂಟೆಗೆ ಬರೋದು. ಮೂಟೆಯವ್ರಿಗೆ ಹೆಚ್ಚೂಕಮ್ಮಿ ಅಷ್ಟೇ ಹೊತ್ತಾಗುತ್ತೆ, ಅರ್ಧ ಸೇರಿನವ್ರು ಆಗ್ಲೇ ಮನೆ ಸೇರಿರ್ತಾರೆ. ಇದನ್ನ ಮನೆ ರೂಟರ್‌ಗಳಿಗೆ ತರೋಕೆ ವರ್ಷಗಟ್ಲೆ ಒದ್ದಾಡಿದ್ದು ಡೇವ್ ಟಾಟ್, ಓಪನ್‌ವರ್ಟ್ ಮೇಲೆ ಸೆರೋವರ್ಟ್ ಅಂತ ಪ್ರಯೋಗದ ಫರ್ಮ್‌ವೇರ್ ಕಟ್ಟಿ ಪರೀಕ್ಷೆ ಮಾಡಿದವ್ರು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡ್ರು. ನಮ್ಮಂಥ ಎಷ್ಟೋ ಮನೆಗಳ ಮಾತುಕತೆ ತುಂಡಾಗದೆ ಸಾಗ್ತಿರೋದ್ರ ಹಿಂದೆ ಅವ್ರಿದ್ದಾರೆ ಅನ್ನೋದು ನೆನಪಿರ್ಲಿ ಅಂತ ಬರೀತಿದ್ದೀನಿ.

ಸೆಟ್ಟಿಂಗ್ ಮಾಡುವಾಗ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಮ್ಮಿ ಕೊಡ್ಬೇಕು, ನಾನು ಎರಡೂ ಕಡೆ 46 ಎಂಬಿಪಿಎಸ್ ಕೊಟ್ಟೆ. ಯಾಕಂದ್ರೆ ಸಾಲು ನಮ್ಮ ರೂಟರಲ್ಲೇ ಕಟ್ಬೇಕು, ಮುಂದಿನ ಫೈಬರ್ ಡಬ್ಬದಲ್ಲಿ ಕಟ್ಟಿದ್ರೆ ಅದು ನಮ್ಮ ಕೈಲಿಲ್ಲ. ಓವರ್‌ಹೆಡ್, ಅಂದ್ರೆ ಪ್ರತಿ ಪ್ಯಾಕೆಟ್ ಜೊತೆ ಲೈನಲ್ಲಿ ಹೋಗೋ ಹೆಚ್ಚುವರಿ ಭಾರ, 44 ಬೈಟ್ ಅಂತ ಕೊಟ್ಟೆ. ಇಷ್ಟೆಲ್ಲಾ ಮಾಡಿ ತಂಗಿ ಹತ್ರ ಫೈಲ್ ಕಳ್ಸಿದ್ರೆ ಪಿಂಗ್ ಮತ್ತದೇ 560! ಒಂದು ಗಂಟೆ ಹೋಯ್ತು. ಮಧ್ಯಾಹ್ನ ನಾನೇ ಫೈರ್‌ವಾಲ್ ಪೇಜಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಮಾಡಿದ್ದೆ, ಸ್ಪೀಡ್ ಜಾಸ್ತಿ ಆಗುತ್ತೆ ಅಂತ. ಅದು ಆನ್ ಇದ್ರೆ ಪ್ಯಾಕೆಟ್‌ಗಳು ಚಿಪ್ಪಿನ ಒಳದಾರಿಲಿ ನೇರ ಹೊರಟು ಹೋಗ್ತವೆ, ಲಿನಕ್ಸ್ ಕೈಗೆ ಸಿಗೋದೇ ಇಲ್ಲ, ಸಿಗದೇ ಇದ್ರೆ ಕೇಕ್ ಏನು ಮಾಡುತ್ತೆ. ಎರಡ್ರಲ್ಲಿ ಒಂದೇ. ಆಫ್ ಮಾಡಿದೆ, ಮತ್ತೆ ಫೈಲ್ ಕಳ್ಸು ಅಂದೆ. 15, 17, 16, 19, 16. ಅಪ್‌ಲೋಡ್ 44 ಎಂಬಿಪಿಎಸ್‌ನಲ್ಲಿ ಓಡ್ತಾ ಇದೆ, ಪಿಂಗ್ 20 ದಾಟ್ತಿಲ್ಲ. ಹತ್ತು ನಿಮಿಷ ಸುಮ್ನೆ ಆ ಸಂಖ್ಯೆಗಳನ್ನೇ ನೋಡ್ತಾ ಕೂತಿದ್ದೆ. ಈ ಚಿಪ್ಪಿಗೆ 50ರ ಲೈನ್ ಆರಾಮ, ನೂರಾರು ಎಂಬಿಪಿಎಸ್ ಇರೋರು ಎಸ್‌ಕ್ಯುಎಂ ಹಾಕೋದಾದ್ರೆ ಇನ್ನೂ ಗಟ್ಟಿ ಚಿಪ್ ನೋಡ್ಕೊಳ್ಳಿ, ಎಲ್ಲಾ ಲೆಕ್ಕ ಸಿಪಿಯುನೇ ಹಾಕ್ಬೇಕಲ್ಲ.

ಇಲ್ಲಿಗೆ ಮುಗೀಬೇಕಿತ್ತು. ಮೂರನೇ ದಿನ ಸಂಜೆಯಿಂದ ರೂಟರ್ ತಾನೇ ರೀಸ್ಟಾರ್ಟ್ ಆಗೋಕೆ ಶುರು. ಎಲ್ರೂ ಮನೇಲಿರುವಾಗ, 5 ಗಿಗಾಹರ್ಟ್ಸ್ ವೈಫೈ ಜೋರಾಗಿ ಓಡುವಾಗ ಮಾತ್ರ. ಲಾಗ್ ನೋಡೋಣ ಅಂದ್ರೆ ಓಪನ್‌ವರ್ಟ್ ಲಾಗ್ ಇಡೋದು ರ‍್ಯಾಮಲ್ಲಿ, ರೀಸ್ಟಾರ್ಟ್ ಆದ್ರೆ ಅಳಿಸಿ ಹೋಗುತ್ತೆ. ಲಾಗನ್ನ ಲ್ಯಾಪ್‌ಟಾಪಿಗೆ ಕಳ್ಸೋ ಹಂಗೆ ಮಾಡಿದೆ, ಅಲ್ಲೂ ಏನೂ ಇಲ್ಲ, ಮಾಮೂಲಿ ಸಾಲುಗಳು ಬಂದು ಇದ್ದಕ್ಕಿದ್ದಂಗೆ ನಿಂತಿವೆ. ವೈಫೈ ಡ್ರೈವರ್ ಮೇಲೆ ಅನುಮಾನ ಬಂತು. ಟ್ರಾನ್ಸ್‌ಮಿಟ್ ಪವರ್ ಕಮ್ಮಿ ಮಾಡಿದೆ, ರೀಸ್ಟಾರ್ಟ್ ನಿಂತ್ವು! ಡ್ರೈವರ್ರೇ ಅಂತ ಗಟ್ಟಿ ಮಾಡ್ಕೊಂಡು ಎರಡು ದಿನ ಹಳೇ ವರ್ಷನ್ನು ಹೊಸ ವರ್ಷನ್ನು ಹಾಕಿ ತೆಗೆದು ಮಾಡಿದೆ. ತಪ್ಪು ದಾರಿ.

ಕೊನೆಗೆ ಸೀರಿಯಲ್ ವೈರ್ ಮತ್ತೆ ಸಿಕ್ಕಿಸಿ, ಪವರ್ ಜಾಸ್ತಿ ಮಾಡಿ, ಎಲ್ಲಾ ಫೋನಲ್ಲೂ ಒಟ್ಟಿಗೆ ಸ್ಪೀಡ್ ಟೆಸ್ಟ್ ಹಚ್ಚಿ ಸ್ಕ್ರೀನ್ ನೋಡ್ತಾ ಕೂತೆ. ಕರ್ನಲ್ ತಾನಾಗಿ ಬಿದ್ರೆ ಪ್ಯಾನಿಕ್ ಅಂತ ಉದ್ದಕ್ಕೆ ಬರೆದು ಸಾಯುತ್ತೆ. ಇಲ್ಲಿ ಏನೂ ಬರೀಲಿಲ್ಲ, ಸಾಲಿನ ಮಧ್ಯದಲ್ಲೇ ಅಕ್ಷರ ನಿಂತು ನೇರವಾಗಿ ಯು-ಬೂಟ್ ಹೆಸರು ಬಂತು. ಅಂದ್ರೆ ಸಾಫ್ಟ್‌ವೇರ್ ಅಲ್ಲ, ಕೆಳಗಿಂದ ಕರೆಂಟೇ ಕೈ ಕೊಟ್ಟಿದೆ. ಮಲ್ಟಿಮೀಟರ್ ಅಡಾಪ್ಟರ್ ಪಿನ್ನಿಗೆ ಹಿಡಿದೆ, ರೂಟರ್ ಇಲ್ಲದೆ 12.2 ವೋಲ್ಟ್, ಚೊಕ್ಕ. ರೂಟರ್ ಹಾಕಿ ಸುಮ್ನಿದ್ದಾಗ 11.4. ಸ್ಪೀಡ್ ಟೆಸ್ಟ್ ಹಚ್ಚಿದ್ರೆ 9.6ಕ್ಕೆ ಇಳಿದು, ರೀಸ್ಟಾರ್ಟ್. ಟ್ರಾನ್ಸ್‌ಮಿಟ್ ಪವರ್ ಕಮ್ಮಿ ಮಾಡಿದಾಗ ಸರಿ ಹೋಗಿದ್ದು ಇದಕ್ಕೇ, ರೇಡಿಯೋ ಕರೆಂಟ್ ಕಮ್ಮಿ ಎಳೀತಿತ್ತು.

12 ವೋಲ್ಟ್ 2 ಆಂಪಿಯರ್‌ದು ಹೊಸ ಅಡಾಪ್ಟರ್ ತಂದೆ, ಪಿನ್ ಸೈಜೂ, ಒಳಗೆ ಪ್ಲಸ್ ಹೊರಗೆ ಮೈನಸ್ ಅನ್ನೋದೂ ಹೊಂದಿಸ್ಕೊಂಡು. ವೋಲ್ಟ್ ಒಂದೇ ಇರ್ಬೇಕು, ಆಂಪಿಯರ್ ಜಾಸ್ತಿ ಇದ್ರೆ ತೊಂದ್ರೆ ಇಲ್ಲ. ಲೋಡಲ್ಲೂ 11.9 ಬಿಡ್ಲಿಲ್ಲ, ರೀಸ್ಟಾರ್ಟ್ ಅವತ್ತಿಗೇ ನಿಂತ್ವು. ಹಳೇದನ್ನ ಬಿಚ್ಚಿ ನೋಡಿದೆ, ಔಟ್‌ಪುಟ್ ಕಡೆಯ ಕೆಪಾಸಿಟರಿನ ತಲೆ ಉಬ್ಬಿತ್ತು, ಪೂರಿ ಥರ. 16 ವೋಲ್ಟಿಂದು ಇತ್ತು, ಅಷ್ಟೇ ಮೈಕ್ರೋಫ್ಯಾರಡ್‌ನ 25 ವೋಲ್ಟಿಂದು ಹಾಕಿ ಸ್ಪೇರಿಗೆ ಇಟ್ಕೊಂಡಿದ್ದೀನಿ. ಅಡಾಪ್ಟರ್ ಬಿಚ್ಚೋರು ಹುಷಾರು, ಒಳಗಿನ ದೊಡ್ಡ ಕೆಪಾಸಿಟರಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಹತ್ರ ನಿಂತಿರ್ಬೋದು, ಅದನ್ನ ಖಾಲಿ ಮಾಡೋದು ಗೊತ್ತಿಲ್ದೇ ಇದ್ರೆ ಮುಟ್ಟೋದೇ ಬೇಡ.

ಲಾಗ್ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು, ಕರೆಂಟ್ ಹೋಗಿ ಬಂದಾಗ ಸಮಯ ಹಿಂದಕ್ಕೆ ಹೋಗಿರುತ್ತೆ. ನಮ್ಮ ರೂಟರಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ, ಅದಕ್ಕೆ ಓಪನ್‌ವರ್ಟ್ ಎದ್ದ ಕೂಡ್ಲೇ ತನ್ನ ಕಾನ್ಫಿಗ್ ಫೈಲ್‌ಗಳಲ್ಲಿ ಎಲ್ಲಕ್ಕಿಂತ ಇತ್ತೀಚೆಗೆ ಬದಲಾಗಿದ್ದು ಯಾವಾಗ ಅಂತ ನೋಡಿ ಅದನ್ನೇ ಈಗಿನ ಸಮಯ ಅಂತ ಇಟ್ಕೊಳ್ಳುತ್ತೆ, ಇಂಟರ್ನೆಟ್ ಬಂದ್ಮೇಲೆ ಎನ್‌ಟಿಪಿ ಅನ್ನೋ ಸಮಯದ ಸೇವೆಯಿಂದ ಸರಿ ಮಾಡ್ಕೊಳ್ಳುತ್ತೆ. ಎಷ್ಟು ಚೆಂದದ ಯೋಚನೆ ಅಲ್ವಾ, ಎದ್ದ ತಕ್ಷಣ ಕೊನೆಗೆ ಏನು ಕೆಲ್ಸ ಮಾಡಿದ್ದೆ ಅಂತ ನೆನಪು ಮಾಡ್ಕೊಂಡು ದಿನ ಅಂದಾಜು ಮಾಡೋದು.

ಈಗ ಅಡಾಪ್ಟರ್ ಮತ್ತು ರೂಟರ್ ಮಧ್ಯೆ 12 ವೋಲ್ಟಿನ ಮಿನಿ ಯುಪಿಎಸ್ ಇದೆ, ಫೈಬರ್ ಡಬ್ಬಕ್ಕೂ ಅದ್ರಿಂದಲೇ. ಗುಡುಗಿದ್ರೆ ಅಪ್ಪಯ್ಯ ಯುಪಿಎಸ್ಸಿನ ಗೋಡೆ ಪ್ಲಗ್ ಕೀಳ್ತಾರೆ, ನೆಟ್ ಮೂರು ಗಂಟೆ ಹತ್ರ ಓಡುತ್ತೆ. ಅಂಗಳ ದಾಟಿ ಕೊಟ್ಟಿಗೆ ಮಾಳಿಗೆಗೆ ಹೋಗೋ ಲ್ಯಾನ್ ಕೇಬಲ್ ಒಂದಿದೆ, ತಾಮ್ರದ್ದು, ಅದನ್ನೂ ಕೀಳ್ಬೇಕು ಅಂತ ಹೇಳಿಟ್ಟಿದ್ದೀನಿ, ಆ ಪೋರ್ಟಿಗೆ ಕೆಂಪು ಟೇಪ್ ಸುತ್ತಿದೆ. ಸೀರಿಯಲ್ ಪಿನ್ ಮೂರೂ ಹಂಗೇ ಬಿಟ್ಟು ಮುಚ್ಚಳಕ್ಕೆ ಸಣ್ಣ ಕಿಂಡಿ ಕೊರೆದಿದ್ದೀನಿ. ಕಾನ್ಫಿಗ್ ಬ್ಯಾಕಪ್, ಫ್ಯಾಕ್ಟರಿ ಪಾರ್ಟಿಶನ್ ಇರೋ ಪೆನ್‌ಡ್ರೈವು, 57600 ಅಂತ ಬರೆದ ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕಿ ರೂಟರ್ ಹಿಂದೆ ಗೋಡೆಗೆ ಅಂಟಿಸಿದೆ. ಇವತ್ತಿಗೆ ಅಪ್‌ಟೈಮ್, ಅಂದ್ರೆ ಒಂದೂ ರೀಸ್ಟಾರ್ಟ್ ಇಲ್ದೆ ಓಡಿದ್ದು, 23 ದಿನ. ಮುಂದಿನ ವಾರ ಮಾಳಿಗೆಗೆ ಎರಡನೇ ರೂಟರ್ ಹಾಕೋದಿದೆ, ಅದೂ ಇದೇ ಚಿಪ್ಪಿಂದು, ಸಿಕ್ಕಿದೆ.